ಪರಿಸರ ಸಂಸ್ಥೆಗಳು ಒಂದಾಗುವ ಮೊದಲು: ಸಹಭಾಗಿತ್ವದಿಂದ ವಿಲೀನದವರೆಗೆ ಒಂದು ಮಾರ್ಗದರ್ಶಿ

ಮಲೆನಾಡಿನ ಒಂದು ಹಳ್ಳಿಯ ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯರು ಒಮ್ಮೆ ನನ್ನನ್ನು ಬದಿಗೆ ಕರೆದು ಕೇಳಿದರು: "ಹೋದ ವಾರ ಇನ್ನೊಂದು ಸಂಸ್ಥೆಯವರು ಬಂದು ಹಳ್ಳದ ನೀರಿನ ಬಗ್ಗೆ ಪಾಠ ಮಾಡಿ ಹೋದರು. ಈ ವಾರ ನೀವು ಅದನ್ನೇ ಮಾಡುತ್ತಿದ್ದೀರಿ. ನೀವು ಅವರ ಹತ್ತಿರ ಮಾತನಾಡುವುದಿಲ್ಲವೇ ಸರ್?" ನಾನಾಗ ಒಂದು ಚಿಕ್ಕ ಪರಿಸರ ಟ್ರಸ್ಟಿನ ಖಜಾಂಚಿ. ಆ ಇನ್ನೊಂದು ಸಂಸ್ಥೆಯ ಕಚೇರಿ ನಮ್ಮ ಕಚೇರಿಯಿಂದ ಒಂದೂವರೆ ಕಿಲೋಮೀಟರ್ ದೂರದಲ್ಲಿತ್ತು. ಇಬ್ಬರೂ ಕೆಲಸ ಮಾಡುತ್ತಿದ್ದದ್ದು ಒಂದೇ ಗುಡ್ಡದ ಮೇಲೆ, ಒಂದೇ ಹಳ್ಳದ ದಂಡೆಯಲ್ಲಿ. ಇಬ್ಬರ ಬಳಿಯೂ ಒಬ್ಬೊಬ್ಬ ಅರೆಕಾಲಿಕ ಲೆಕ್ಕಿಗ ಇದ್ದ. ಮಾರ್ಚ್ ಬಂದರೆ ಇಬ್ಬರಿಗೂ ಸಂಬಳದ ಚಿಂತೆ.

ಮುಂದಿನ ಐದಾರು ವರ್ಷಗಳಲ್ಲಿ ನಾವು ಎರಡು ಸಲ ಒಂದಾಗಲು ಪ್ರಯತ್ನಿಸಿದೆವು. ಮೊದಲನೆಯದು ಮೂರು ತಿಂಗಳಲ್ಲಿ ಮುರಿದುಬಿತ್ತು, ಎರಡನೆಯದು ಉಳಿಯಿತು. ಆಮೇಲೆ ಬೇರೆ ಕೆಲವು ಸಂಸ್ಥೆಗಳ ಕಾಗದಪತ್ರ ನೋಡಿಕೊಡುವ ಕೆಲಸವೂ ಬಂತು. ಅಲ್ಲೆಲ್ಲ ನಾನು ಕಂಡದ್ದು ಇಷ್ಟು: ವಿಲೀನವಾಗುತ್ತೇವೆಂದು ಆತುರಪಟ್ಟವರಲ್ಲಿ ಹೆಚ್ಚಿನವರಿಗೆ ಅದಕ್ಕಿಂತ ಸಣ್ಣ ಜೋಡಣೆಯೊಂದು ಸಾಕಾಗಿತ್ತು. ನಿಜವಾಗಿ ವಿಲೀನವಾಗಬೇಕಿದ್ದವರು ಆ ಮಾತನ್ನೇ ಎತ್ತದೆ, ಹಣ ಪೂರ್ತಿ ಮುಗಿದ ಮೇಲೆ ಬಾಗಿಲು ಹಾಕಿಕೊಂಡರು. ಅವರು ನೆಟ್ಟ ಗಿಡಗಳಿಗೆ ಬೇಲಿ ಕಾಯುವವರು ಯಾರೂ ಉಳಿಯಲಿಲ್ಲ. ಹೀಗಾಗಬಾರದೆಂಬ ಕಳಕಳಿಯಿಂದ ಇದನ್ನು ಬರೆಯುತ್ತಿದ್ದೇನೆ.

ಹೆಜ್ಜೆ 1: ಏಕೆ ಎಂಬುದನ್ನು ಒಂದು ಪುಟದಲ್ಲಿ ಬರೆಯಿರಿ

ಕಾರ್ಯಕಾರಿ ಸಮಿತಿಯ ಪ್ರತಿಯೊಬ್ಬ ಸದಸ್ಯರೂ ಒಂದೇ ಪ್ರಶ್ನೆಗೆ ಪ್ರತ್ಯೇಕವಾಗಿ ಉತ್ತರ ಬರೆಯಲಿ: ಹತ್ತು ವರ್ಷದ ನಂತರ ಆ ಕಾಡು, ಆ ಕೆರೆ, ಆ ಗೋಮಾಳ ಹೇಗಿರಬೇಕು? ಅದಕ್ಕೆ ನಮ್ಮಲ್ಲಿ ಇಲ್ಲದ್ದು ಏನು? ಉತ್ತರದಲ್ಲಿ ಸಂಸ್ಥೆಯ ಹೆಸರು ಬರಬಾರದೆಂಬ ಷರತ್ತು ಇಡಿ. ಆಮೇಲೆ ಎಲ್ಲವನ್ನೂ ಒಟ್ಟಿಗೆ ಓದಿ.

"ನಮ್ಮಲ್ಲಿ ಸಸ್ಯಶಾಸ್ತ್ರ ಬಲ್ಲವರಿಲ್ಲ", "ಕೋರ್ಟಿಗೆ ಹೋಗುವ ಶಕ್ತಿ ಇಲ್ಲ", "ಹಳ್ಳದ ಮೇಲ್ಭಾಗದ ಊರುಗಳಲ್ಲಿ ನಮಗೆ ಪರಿಚಯವಿಲ್ಲ" ಎಂಬಂಥ ಉತ್ತರಗಳು ಬಂದರೆ ನಿಮಗೆ ಬೇಕಾದದ್ದು ಸಹಭಾಗಿತ್ವ. "ಲೆಕ್ಕಪತ್ರ, ರಿಟರ್ನ್ಸ್, ವರದಿ ಬರೆಯುವುದರಲ್ಲೇ ಅರ್ಧ ವರ್ಷ ಹೋಗುತ್ತಿದೆ" ಎಂದರೆ ಕಚೇರಿಯ ಹೊರೆಯನ್ನು ಹಂಚಿಕೊಳ್ಳುವ ಏರ್ಪಾಡು ಸಾಕು. "ಸಂಸ್ಥಾಪಕರಿಗೆ ವಯಸ್ಸಾಯಿತು, ಮುಂದೆ ಹೊಣೆ ಹೊರುವವರು ಯಾರೂ ಇಲ್ಲ, ಆದರೆ 40 ಎಕರೆ ಕಾಡು ನಮ್ಮ ಹೆಸರಿನಲ್ಲಿದೆ" ಎಂಬ ಉತ್ತರ ಬಂದರೆ ಮಾತ್ರ ವಿಲೀನದ ಬಗ್ಗೆ ಗಂಭೀರವಾಗಿ ಯೋಚಿಸಿ. ಅದನ್ನು ಆ ಹಿರಿಯರು ಆರೋಗ್ಯವಾಗಿ, ಚುರುಕಾಗಿ ಇರುವಾಗಲೇ ಮಾಡಿ.

"ಈ ವರ್ಷದ ಅನುದಾನ ನಿಂತುಹೋಯಿತು" ಎಂಬುದು ಒಂದಾಗಲು ಒಳ್ಳೆಯ ಕಾರಣವಲ್ಲ. ಹಣವಿಲ್ಲದ ಎರಡು ಸಂಸ್ಥೆಗಳು ಸೇರಿದರೆ ಸಂಬಳ ಕೊಡಬೇಕಾದವರ ಪಟ್ಟಿ ಉದ್ದವಾಗುತ್ತದೆ, ಅಷ್ಟೇ. ಮೊದಲ ಸಲ ನಾವು ಎಡವಿದ್ದು ಇಲ್ಲೇ.

ಹೆಜ್ಜೆ 2: ಎಷ್ಟು ಹತ್ತಿರ ಬರಬೇಕೆಂದು ನಿರ್ಧರಿಸಿ

ತೀರಾ ಸಡಿಲವಾದದ್ದು ವೇದಿಕೆ ಅಥವಾ ಒಕ್ಕೂಟ. ಒಂದು ವಿಷಯಕ್ಕೆ, ಒಂದು ಅವಧಿಗೆ ಸೇರಿ ಕೆಲಸ ಮಾಡಿ ಮತ್ತೆ ತಮ್ಮ ತಮ್ಮ ದಾರಿ ಹಿಡಿಯುವುದು. 1987ರ ನವೆಂಬರ್‌ನಲ್ಲಿ ಆರಂಭವಾದ ಪಶ್ಚಿಮ ಘಟ್ಟ ಉಳಿಸಿ ಪಾದಯಾತ್ರೆ ಇದರ ದೊಡ್ಡ ಉದಾಹರಣೆ. ಉತ್ತರದ ತಂಡ ಮಹಾರಾಷ್ಟ್ರದ ನವಾಪುರದಿಂದ, ದಕ್ಷಿಣದ ತಂಡ ಕನ್ಯಾಕುಮಾರಿಯಿಂದ ಹೊರಟು 1988ರ ಫೆಬ್ರವರಿಯಲ್ಲಿ ಗೋವಾದಲ್ಲಿ ಕೂಡಿದವು. ದಾರಿಯುದ್ದಕ್ಕೂ ಹತ್ತಾರು ಸಂಘಟನೆಗಳು ಕೈಜೋಡಿಸಿದವು. ಯಾರೂ ತಮ್ಮ ನೋಂದಣಿಯನ್ನು ಯಾರಲ್ಲೂ ಕರಗಿಸಬೇಕಾಗಲಿಲ್ಲ.

ಎರಡನೆಯದು, ಕೆಲಸ ಹಂಚಿಕೊಂಡ ಸಹಭಾಗಿತ್ವ. ಇದಕ್ಕೆ ನಾನು ಸದಾ ನೆನೆಯುವುದು ಬಿಳಿಗಿರಿರಂಗನ ಬೆಟ್ಟವನ್ನು. 1981ರಲ್ಲಿ ಡಾ. ಎಚ್. ಸುದರ್ಶನ್ ಅವರು ಆರಂಭಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರಕ್ಕೆ ಆ ಬೆಟ್ಟದ ಬುಡಕಟ್ಟಿನವರಾದ ಸೋಲಿಗರ ಹಾಡಿಗಳಲ್ಲಿ ಆಸ್ಪತ್ರೆ, ಶಾಲೆಗಳ ಮೂಲಕ ಬೆಳೆದ ನಂಬಿಕೆಯಿತ್ತು. 1996ರಲ್ಲಿ ಸ್ಥಾಪನೆಯಾದ ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆಗೆ ನೆಲ್ಲಿ, ಜೇನು, ಪಾಚಿಗಳಂಥ ಕಿರು ಅರಣ್ಯ ಉತ್ಪನ್ನಗಳನ್ನು ಅಳೆದು ಅಧ್ಯಯನ ಮಾಡುವ ವಿಜ್ಞಾನಿಗಳಿದ್ದರು. ಕಾಡಿನ ತಿಳಿವಳಿಕೆ ಮತ್ತು ಹಕ್ಕಿನ ದನಿ ಸೋಲಿಗರ ಸ್ವಂತ ಸಂಘಗಳದ್ದು. 2011ರಲ್ಲಿ ಆ ಹುಲಿ ಸಂರಕ್ಷಿತ ಪ್ರದೇಶದೊಳಗೆ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ದೊರೆತದ್ದರ ಹಿಂದೆ ಇಂಥ ಅನೇಕ ವರ್ಷಗಳ ಒಡನಾಟವಿದೆ. ಈ ಮೂವರೂ ಒಂದೇ ಸಂಸ್ಥೆಯಾಗಿದ್ದರೆ ಸೋಲಿಗರ ದನಿ ಬೇರೆಯವರ ವರದಿಯೊಂದರ ಅಡಿಟಿಪ್ಪಣಿಯಾಗಿ ಉಳಿಯುತ್ತಿತ್ತೇನೋ ಎಂದು ನನಗೆ ಅನ್ನಿಸುತ್ತದೆ. ಬೇರೆಯಾಗಿ ಉಳಿಯುವುದರಲ್ಲಿಯೂ ಬಲವಿದೆ.

ಧಾರವಾಡದ ಸಮಾಜ ಪರಿವರ್ತನ ಸಮುದಾಯದ ಹೋರಾಟವೂ ಇದೇ ಬಗೆಯದು. ಹಳ್ಳಿಗರ ಸಾಮೂಹಿಕ ಭೂಮಿಯನ್ನು ನೀಲಗಿರಿ ಬೆಳೆಯಲು ಕರ್ನಾಟಕ ಪಲ್ಪ್‌ವುಡ್ ಕಂಪನಿಗೆ ಕೊಟ್ಟಾಗ, 1987ರ ನವೆಂಬರ್ 14ರಂದು ಕುಸನೂರಿನಲ್ಲಿ 'ಕಿತ್ತಿಕೊ–ಹಚ್ಚಿಕೊ' ಸತ್ಯಾಗ್ರಹ ನಡೆಯಿತು. ನೀಲಗಿರಿ ಕಿತ್ತು ಊರಿಗೆ ಬೇಕಾದ ಸಸಿ ಹಚ್ಚಿದರು. ಹೊಲದಲ್ಲಿ ನಿಂತವರು ಹಳ್ಳಿಗರು, ಇದೇ ವಿಷಯದ ಸುಪ್ರೀಂ ಕೋರ್ಟಿನ ಅರ್ಜಿಯಲ್ಲಿ ಮೊದಲ ಹೆಸರು ಶಿವರಾಮ ಕಾರಂತರದು, ಕಾಗದಪತ್ರ ಹೊಂದಿಸಿದವರು ಸಂಸ್ಥೆಯವರು.

ಮೂರನೆಯದು ಸರ್ಕಾರಿ ಸಂಸ್ಥೆಯೊಂದಿಗಿನ ಒಡಂಬಡಿಕೆ. ಬೆಂಗಳೂರಿನ ಪುಟ್ಟೇನಹಳ್ಳಿ ಕೆರೆಯ ನೆರೆಹೊರೆಯವರು 2010ರಲ್ಲಿ ಟ್ರಸ್ಟ್ ನೋಂದಾಯಿಸಿ ಮರುವರ್ಷ ಅಂದಿನ ನಗರ ಪಾಲಿಕೆಯಾದ ಬಿಬಿಎಂಪಿಯೊಂದಿಗೆ ಕೆರೆ ನಿರ್ವಹಣೆಯ ಒಪ್ಪಂದ ಮಾಡಿಕೊಂಡರು. ಇಂಥ ಒಪ್ಪಂದಕ್ಕೆ ಕೊನೆಯ ದಿನಾಂಕ ಇರುತ್ತದೆ. ಅದು ಮುಗಿಯುವ ಒಂದು ವರ್ಷ ಮೊದಲೇ ನವೀಕರಣದ ಪತ್ರ ಬರೆಯಿರಿ. ಅಧಿಕಾರಿ ಬದಲಾದರೆ ಹಳೆಯ ಮಾತುಕತೆಗೆ ಸಾಕ್ಷಿಯಾಗಿ ಉಳಿಯುವುದು ನಿಮ್ಮ ಕಡತ ಮಾತ್ರ.

ನಾಲ್ಕನೆಯದು ಕಚೇರಿ, ಲೆಕ್ಕಿಗ, ಜೀಪು, ನರ್ಸರಿಗಳನ್ನು ಹಂಚಿಕೊಳ್ಳುವುದು. ಇದರ ಬಗ್ಗೆ ಯಾರೂ ಹೆಚ್ಚು ಮಾತನಾಡುವುದಿಲ್ಲ, ಆದರೆ ಚಿಕ್ಕ ಸಂಸ್ಥೆಗಳಿಗೆ ಇದರಷ್ಟು ಉಪಕಾರಿಯಾದದ್ದು ಇನ್ನೊಂದಿಲ್ಲ. ಕೊನೆಯದು ವಿಲೀನ. ಅದರಿಂದ ಹಿಂದಿರುಗುವ ದಾರಿ ಇಲ್ಲ. ಹಾಗಾಗಿ ಅದನ್ನು ಕೊನೆಗೆ ಇಡಿ.

ಹೆಜ್ಜೆ 3: ಮೊದಲ ಮಾತುಕತೆಯಲ್ಲಿ ಹಣದ ಮೂಲ ಕೇಳಿ

ಇಬ್ಬರು ಅಧ್ಯಕ್ಷರು ಚಹಾ ಕುಡಿಯುತ್ತ ಮಾಡಿಕೊಂಡ ಮಾತಿನ ಮೇಲೆ ಸಂಸ್ಥೆಗಳು ನಿಲ್ಲುವುದಿಲ್ಲ. ಪ್ರತಿ ಕಡೆಯಿಂದ ಮೂವರನ್ನು ಕೂರಿಸಿ: ಸಮಿತಿಯಿಂದ ಒಬ್ಬರು, ಲೆಕ್ಕ ಬಲ್ಲವರು ಒಬ್ಬರು, ಹಳ್ಳಿಗಳಲ್ಲಿ ದಿನವೂ ಓಡಾಡುವ ಕಾರ್ಯಕರ್ತರು ಒಬ್ಬರು. ಮೂರನೆಯವರನ್ನು ಬಿಟ್ಟರೆ ಉಳಿದ ಹೆಜ್ಜೆಗಳೆಲ್ಲ ಹುಸಿಯಾಗುತ್ತವೆ. ಯಾವ ಊರಿನಲ್ಲಿ ಯಾವ ಸಂಸ್ಥೆಯ ಮೇಲೆ ಮುನಿಸಿದೆ ಎಂಬುದು ಅವರಿಗೆ ಮಾತ್ರ ಗೊತ್ತಿರುತ್ತದೆ.

ಮೊದಲ ಸಭೆಯಲ್ಲಿಯೇ ಮೂರು ಪ್ರಶ್ನೆ ಮುಗಿಸಿಬಿಡಿ. ಯಾರ ಹಣವನ್ನು ನೀವು ತೆಗೆದುಕೊಳ್ಳುತ್ತೀರಿ, ಯಾರ ಹಣ ಬಂದರೂ ಬೇಡವೆನ್ನುತ್ತೀರಿ? ಯಾರ ವಿರುದ್ಧ ಕೋರ್ಟಿನಲ್ಲಿ ಅಥವಾ ಹಸಿರು ನ್ಯಾಯಮಂಡಳಿಯಲ್ಲಿ ಇದ್ದೀರಿ? ಮೀಸಲು ಅರಣ್ಯದೊಳಗಿನ ಜನರ ಹಕ್ಕು, ಅಕೇಶಿಯಾ ನೆಡುತೋಪು, ಹೊಳೆ ತಿರುವು, ಪ್ರವಾಸೋದ್ಯಮ ಇವುಗಳ ಬಗ್ಗೆ ನಿಮ್ಮ ನಿಲುವೇನು?

ನಮ್ಮ ಮೊದಲ ಪ್ರಯತ್ನ ಕೊನೆಗೆ ಮುರಿದದ್ದು ಇದನ್ನು ಕೇಳದೆ ಇದ್ದುದರಿಂದ. ನಾವು ಒಂದು ಕಲ್ಲುಗಣಿಯ ವಿರುದ್ಧ ಜಿಲ್ಲಾಧಿಕಾರಿಗಳಿಗೆ ಮನವಿ ಕೊಟ್ಟಿದ್ದೆವು. ಅವರ ಸಸಿ ನೆಡುವ ಕಾರ್ಯಕ್ರಮಕ್ಕೆ ಆ ಗಣಿಯ ಮಾಲೀಕರ ಇನ್ನೊಂದು ಉದ್ದಿಮೆ ಹಣ ಕೊಡುತ್ತಿತ್ತು. ಜಂಟಿ ಕಾರ್ಯಕ್ರಮದ ಆಹ್ವಾನ ಪತ್ರಿಕೆ ಅಚ್ಚಾದ ಮೇಲೆ ನಮ್ಮ ಕಾರ್ಯಕರ್ತರೊಬ್ಬರು ಅದರಲ್ಲಿದ್ದ ಪ್ರಾಯೋಜಕರ ಹೆಸರು ಗುರುತಿಸಿದರು. ಆ ಸಂಸ್ಥೆಯವರು ಯಾವ ತಪ್ಪನ್ನೂ ಮಾಡಿರಲಿಲ್ಲ. ಗುಡ್ಡದ ಇನ್ನೊಂದು ಬದಿಯ ಊರಿನವರಿಗೆ ಮಾತ್ರ ನಾವು ಎರಡು ನಾಲಿಗೆಯವರಾಗಿ ಕಂಡೆವು. ಆ ನಂಬಿಕೆ ಮರಳಿ ಪಡೆಯಲು ನಮಗೆ ಎರಡು ಮಳೆಗಾಲ ಬೇಕಾಯಿತು.

ಕಂಪನಿ ಕಾಯ್ದೆಯ 135ನೇ ಕಲಮಿನಡಿ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ 2%ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ (ಸಿಎಸ್‌ಆರ್) ಖರ್ಚು ಮಾಡಬೇಕು, ಪರಿಸರ ಸಮತೋಲನವೂ ಆ ಪಟ್ಟಿಯಲ್ಲಿದೆ. ಆದ್ದರಿಂದ ಸಿಎಸ್‌ಆರ್ ಹಣ ಬೇಡವೆನ್ನುವವರಿಗೂ ಬೇಕೆನ್ನುವವರಿಗೂ ಅವರವರ ಕಾರಣಗಳಿವೆ. ಇಬ್ಬರ ನಿಲುವೂ ಗೌರವಕ್ಕೆ ಅರ್ಹ. ಒಂದೇ ಸಂಸ್ಥೆಯೊಳಗೆ ಎರಡೂ ನಿಲುವು ಇರಲಾರವು. ಒಪ್ಪಿಗೆಯಾಗದಿದ್ದರೆ ಕೈಕುಲುಕಿ, ಒಂದೆರಡು ಊರಿನ ಕೆಲಸಕ್ಕೆ ಮಾತ್ರ ಜೊತೆಯಾಗಿ.

ಹೆಜ್ಜೆ 4: ಬೀರು ತೆರೆಯಿರಿ

ಮನಸ್ಸು ಹೊಂದಿದ ಮೇಲೆ ಕಾಗದ ನೋಡುವುದು. ಮೂರು ವರ್ಷಗಳ ಲೆಕ್ಕ ಪರಿಶೋಧನಾ ವರದಿ, ಬೈಲಾ ಅಥವಾ ಟ್ರಸ್ಟ್ ಡೀಡ್, ಆದಾಯ ತೆರಿಗೆ ನೋಂದಣಿ ಮತ್ತು ದಾನಿಗಳಿಗೆ ತೆರಿಗೆ ರಿಯಾಯಿತಿ ಕೊಡಿಸುವ 80ಜಿ ಅನುಮೋದನೆಯ ಅವಧಿ, ವಿದೇಶಿ ದೇಣಿಗೆಯ ನೋಂದಣಿ ಇದ್ದರೆ ಅದು, ಸಿಎಸ್‌ಆರ್-1 ಸಂಖ್ಯೆ (ಸಿಎಸ್‌ಆರ್ ಹಣ ಪಡೆಯಲು ಬೇಕಾದ ನೋಂದಣಿ), ಸಂಘವಾಗಿದ್ದರೆ ನೋಂದಣಾಧಿಕಾರಿಗಳಿಗೆ ಪ್ರತಿ ವರ್ಷ ಸಲ್ಲಿಸಿದ ಪಟ್ಟಿಗಳು. ಈ ಕೊನೆಯದನ್ನು ಹಲವು ಸಂಸ್ಥೆಗಳು ವರ್ಷಗಟ್ಟಲೆ ಬಿಟ್ಟಿರುತ್ತವೆ. ಬಾಕಿ ಇದ್ದರೆ ವಿಲೀನದ ಠರಾವು ಮುಂದೆ ಹೋಗುವುದೇ ಇಲ್ಲ. ಮೊದಲು ಅದನ್ನು ಸರಿಪಡಿಸಿ.

ನೌಕರರ ಭವಿಷ್ಯ ನಿಧಿ ಮತ್ತು ಗ್ರ್ಯಾಚುಟಿಯ ಬಾಕಿಯನ್ನು ಕೇಳಲು ಸಂಕೋಚ ಬೇಡ. ಹದಿನೈದು ವರ್ಷ ದುಡಿದ ನರ್ಸರಿ ಕೆಲಸದಾಕೆಯ ಸೇವಾವಧಿ ಹೊಸ ಸಂಸ್ಥೆಯಲ್ಲಿ ಸೊನ್ನೆಯಿಂದ ಶುರುವಾಗಬಾರದು.

ಇಲ್ಲಿಯವರೆಗಿನದ್ದು ಯಾವ ಸಂಸ್ಥೆಗಾದರೂ ಅನ್ವಯಿಸುತ್ತದೆ. ಪರಿಸರ ಸಂಸ್ಥೆಗಳ ಬೀರುವಿನಲ್ಲಿ ಇನ್ನೂ ಕೆಲವು ಇರುತ್ತವೆ, ಆಡಿಟರ್ ಕಣ್ಣಿಗೆ ಅವು ಬೀಳುವುದಿಲ್ಲ.

ಭೂಮಿ. ದಾನಪತ್ರ ತೆಗೆದು ಪೂರ್ತಿ ಓದಿ. "ಇಂಥ ಸಂಸ್ಥೆ ಇರುವವರೆಗೆ", "ಕಾಡಾಗಿಯೇ ಉಳಿಸತಕ್ಕದ್ದು" ಎಂಬ ಷರತ್ತುಗಳಿರಬಹುದು. ಒಂದು ಟ್ರಸ್ಟಿನಿಂದ ಇನ್ನೊಂದಕ್ಕೆ ಭೂಮಿ ಹೋಗುವಾಗ ಮುದ್ರಾಂಕ ಶುಲ್ಕದ ಪ್ರಶ್ನೆಯೂ ಏಳುತ್ತದೆ. ಆ ಲೆಕ್ಕ ಮೊದಲೇ ಗೊತ್ತಿರಲಿ.

ದತ್ತಾಂಶ. ಹತ್ತು ವರ್ಷದ ಮಳೆ ಮಾಪನ, ಹಕ್ಕಿ ಎಣಿಕೆ, ಕ್ಯಾಮೆರಾ ಟ್ರ್ಯಾಪ್ ಚಿತ್ರ, ಅಪರೂಪದ ಗಿಡಗಳಿರುವ ಜಾಗದ ಪಟ್ಟಿ. ಇವು ಯಾರವು? ನಾಟಿವೈದ್ಯರೊಬ್ಬರು ನಿಮ್ಮ ಮೇಲಿನ ವಿಶ್ವಾಸದಿಂದ ಹೇಳಿದ ಔಷಧದ ಮಾಹಿತಿಯನ್ನು ಬೇರೆಯವರ ಕೈಗೆ ಕೊಡುವ ಮೊದಲು ಅವರ ಮನೆಗೆ ಹೋಗಿ ಮತ್ತೊಮ್ಮೆ ಕೇಳಬೇಕು. ಅವರು ಬೇಡವೆಂದರೆ ಅದು ಬೇಡ.

ಅನುಮತಿಗಳು. ಅರಣ್ಯ ಇಲಾಖೆಯ ಸಂಶೋಧನಾ ಅನುಮತಿ, ಪಂಚಾಯಿತಿಯ ಠರಾವು, ನ್ಯಾಯಾಲಯದ ಅರ್ಜಿ ಎಲ್ಲವೂ ಒಂದು ಹೆಸರಿನಲ್ಲಿರುತ್ತವೆ. ಅರ್ಜಿದಾರ ಸಂಸ್ಥೆಯೇ ಇಲ್ಲವಾದರೆ ಎದುರಾಳಿಯ ವಕೀಲರು ಸುಮ್ಮನಿರುವುದಿಲ್ಲ. ನಿಮ್ಮ ವಕೀಲರನ್ನು ಕೇಳದೆ ದಿನಾಂಕ ನಿಗದಿ ಮಾಡಬೇಡಿ.

ಮಾತುಗಳು. ಕಾರ್ಯಕರ್ತರನ್ನು ಕೂರಿಸಿಕೊಂಡು, ಯಾವ ಊರಿಗೆ ಏನು ಮಾಡಿಕೊಡುತ್ತೇವೆಂದು ಬಾಯಿಮಾತಿನಲ್ಲಿ ಹೇಳಿದ್ದೇವೆ ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಸಿ. ನಮ್ಮ ಪಟ್ಟಿಯಲ್ಲಿ 31 ಮಾತುಗಳಿದ್ದವು. ಸಮಿತಿಗೆ ಗೊತ್ತಿದ್ದದ್ದು ಒಂಬತ್ತು.

ಹೆಜ್ಜೆ 5: ಒಪ್ಪಂದ ಬರೆಯಿರಿ, ಹಣದ ದಾರಿ ನೋಡಿಕೊಳ್ಳಿ

ಸಹಭಾಗಿತ್ವದ ಒಪ್ಪಂದ ನಾಲ್ಕೈದು ಪುಟ ಮೀರಬೇಕಾಗಿಲ್ಲ, ಆದರೆ ಕನ್ನಡದಲ್ಲಿರಲಿ. ಹಳ್ಳಿಯ ಸಂಘವೊಂದು ಪಾಲುದಾರನಾಗಿದ್ದರೆ ಇದನ್ನು ಪಟ್ಟುಹಿಡಿದು ಮಾಡಿಸಿ. ಯಾರು ಏನು ಮಾಡುತ್ತಾರೆ, ಯಾವ ತಿಂಗಳೊಳಗೆ, ಖರ್ಚು ಯಾರದು, ಪತ್ರಿಕೆಯವರೊಂದಿಗೆ ಮಾತನಾಡುವವರು ಯಾರು, ದತ್ತಾಂಶ ಯಾರದು, ಮನಸ್ತಾಪ ಬಂದರೆ ಯಾರ ಮಾತು ಕೇಳುವುದು, ಬಿಟ್ಟುಹೋಗಬೇಕಾದರೆ ಹೇಗೆ ಇಷ್ಟು ಇರಬೇಕು. ಬಿಟ್ಟುಹೋಗುವ ಷರತ್ತಿನಲ್ಲಿ ಋತು ನೆನಪಿರಲಿ: ಏಪ್ರಿಲ್‌ನಲ್ಲಿ ನೋಟಿಸ್ ಕೊಟ್ಟು ಜೂನ್‌ನಲ್ಲಿ ಹೊರಟರೆ ನರ್ಸರಿಯಲ್ಲಿ ಬೆಳೆದ ಸಸಿಗಳು ಚೀಲದಲ್ಲೇ ಬೇರು ಸುತ್ತಿಕೊಳ್ಳುತ್ತವೆ. ನೆಡುವ ಕಾಲ ಮುಗಿಯುವವರೆಗೆ ಯಾರೂ ಹೊರಡುವಂತಿಲ್ಲ ಎಂದು ನಾವು ಬರೆದುಕೊಂಡೆವು.

ಹಣದ ವಿಷಯದಲ್ಲಿ ಎರಡು ಕಾನೂನು ಗೊತ್ತಿರಲೇಬೇಕು.

ಒಂದು, ವಿದೇಶಿ ದೇಣಿಗೆ. 2020ರ ಸೆಪ್ಟೆಂಬರ್‌ನ ತಿದ್ದುಪಡಿಯ ನಂತರ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ) ಕಾಯ್ದೆಯ 7ನೇ ಕಲಮು ವಿದೇಶಿ ದೇಣಿಗೆಯನ್ನು ಬೇರೊಬ್ಬರಿಗೆ ವರ್ಗಾಯಿಸುವುದನ್ನು ಪೂರ್ತಿ ನಿಷೇಧಿಸುತ್ತದೆ. ಎದುರಿನ ಸಂಸ್ಥೆಗೂ ಅದೇ ನೋಂದಣಿ ಇದ್ದರೂ ಕೊಡುವಂತಿಲ್ಲ. ಹಿಂದೆ ನಗರದ ದೊಡ್ಡ ಸಂಸ್ಥೆ ಹಣ ತಂದು ತಾಲ್ಲೂಕುಗಳ ಚಿಕ್ಕ ಸಂಘಗಳಿಗೆ ಹಂಚುತ್ತಿತ್ತು. ಆ ದಾರಿ ಮುಚ್ಚಿದ್ದರಿಂದ ಎಷ್ಟೋ ಸಣ್ಣ ಸಂಘಗಳ ಕೆಲಸ ನಿಂತುಹೋಯಿತು, ಅದರ ನೋವು ನನಗಿನ್ನೂ ಇದೆ. ಈಗ ಉಳಿದಿರುವ ದಾರಿ, ಇಬ್ಬರೂ ಸೇರಿ ಒಂದೇ ಯೋಜನೆ ಬರೆದು, ನೋಂದಣಿ ಇರುವ ಪ್ರತಿಯೊಬ್ಬರೂ ದಾನಿಯಿಂದ ನೇರವಾಗಿ, ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ತಮ್ಮ ತಮ್ಮ ಖಾತೆಗೆ ಹಣ ಪಡೆಯುವುದು. ಆಡಳಿತ ವೆಚ್ಚದ ಮಿತಿ ಈಗ 20%. ಕಚೇರಿ ಹಂಚಿಕೊಂಡಿದ್ದರೆ ಬಾಡಿಗೆ, ಸಂಬಳಗಳನ್ನು ಯಾವ ಪ್ರಮಾಣದಲ್ಲಿ ಭಾಗ ಮಾಡಿದ್ದೀರಿ ಎಂಬುದಕ್ಕೆ ಠರಾವು ಇರಲಿ.

ಎರಡು, ದೇಶದೊಳಗಿನ ದೇಣಿಗೆ. ಒಂದು ನೋಂದಾಯಿತ ದತ್ತಿ ಸಂಸ್ಥೆ ಇನ್ನೊಂದಕ್ಕೆ ಹಣ ಕೊಟ್ಟರೆ ಅದರ 85%ರಷ್ಟನ್ನು ಮಾತ್ರ ಉದ್ದೇಶಕ್ಕೆ ಬಳಸಿದ ಮೊತ್ತವೆಂದು ತೆರಿಗೆ ಇಲಾಖೆ ಲೆಕ್ಕ ಹಿಡಿಯುತ್ತದೆ. ಖರ್ಚು ಮಾಡದೆ ಕಾಯ್ದಿಡುವ ಮೂಲಧನವಾಗಿ ಕೊಟ್ಟರೆ ಅದೂ ಇಲ್ಲ. ಹೀಗಾಗಿ ಜಂಟಿ ಯೋಜನೆಗಳಲ್ಲಿ ಹಣವನ್ನು ಒಬ್ಬರ ಖಾತೆಯಿಂದ ಇನ್ನೊಬ್ಬರ ಖಾತೆಗೆ ಸುತ್ತಿಸುವುದಕ್ಕಿಂತ ಅವರವರ ಪಾಲಿನ ಕೆಲಸಕ್ಕೆ ಅವರವರೇ ಖರ್ಚು ಮಾಡುವುದು ಒಳ್ಳೆಯದು.

ಹೆಜ್ಜೆ 6: ಒಂದು ಪೂರ್ತಿ ವರ್ಷ ಜೊತೆಯಲ್ಲಿ ದುಡಿಯಿರಿ

ವಿಲೀನವೇ ಗುರಿಯಾಗಿದ್ದರೂ ಈ ಹೆಜ್ಜೆ ತಪ್ಪಿಸಬೇಡಿ. ಒಂದು ಬೀಜ ಸಂಗ್ರಹ, ಒಂದು ನಾಟಿ, ಒಂದು ಬೆಂಕಿಯ ಕಾಲ. ಫೆಬ್ರವರಿಯ ಮಧ್ಯರಾತ್ರಿ ಗುಡ್ಡಕ್ಕೆ ಬೆಂಕಿ ಬಿದ್ದಾಗ ಯಾರು ಫೋನ್ ಎತ್ತುತ್ತಾರೆ, ಯಾರು ಬರುತ್ತಾರೆ ಎಂಬುದು ನೂರು ಸಭೆಗಳಿಗಿಂತ ಹೆಚ್ಚು ಹೇಳುತ್ತದೆ.

ಎರಡನೇ ಪ್ರಯತ್ನವನ್ನು ನಾವು ಒಂದು ನರ್ಸರಿಯಿಂದ ಆರಂಭಿಸಿದೆವು. ಅವರ ಜಾಗದಲ್ಲಿ ನೀರು ಚೆನ್ನಾಗಿತ್ತು, ನಮ್ಮವರಿಗೆ ಹೊನ್ನೆ, ಬೈನೆ, ವಾಟೆಗಳ ಬೀಜ ಸಿಗುವ ತಾಣ ಗೊತ್ತಿತ್ತು. ನಾಮಫಲಕ ಬೇಡವೆಂದು ಮೊದಲೇ ನಿರ್ಧರಿಸಿದೆವು. ಮೊದಲ ವರ್ಷ ಜಗಳವಾದದ್ದು ಒಂದೇ ವಿಷಯಕ್ಕೆ: ನೀರು ಹಾಕುವವರ ದಿನಗೂಲಿ ಎರಡು ಸಂಸ್ಥೆಗಳಲ್ಲಿ ಬೇರೆ ಬೇರೆಯಾಗಿತ್ತು. ಅಕ್ಕಪಕ್ಕ ನಿಂತು ಒಂದೇ ಕೆಲಸ ಮಾಡುವ ಇಬ್ಬರು ಹೆಂಗಸರಿಗೆ ಬೇರೆ ಬೇರೆ ಕೂಲಿ ಕೊಡುವುದು ಅನ್ಯಾಯ. ಹೆಚ್ಚಿನ ದರಕ್ಕೇ ಸಮ ಮಾಡಿದೆವು. ಎರಡನೇ ವರ್ಷ ಲೆಕ್ಕಿಗರೂ ಒಬ್ಬರೇ ಆದರು. ನಾವು ವಿಲೀನದವರೆಗೆ ಹೋಗಲಿಲ್ಲ. ಎರಡು ಸಂಸ್ಥೆಗಳೂ ಇಂದಿಗೂ ಇವೆ, ಶಾಲೆಗಳನ್ನು ಹಂಚಿಕೊಂಡಿವೆ.

ಹೆಜ್ಜೆ 7: ವಿಲೀನವೇ ಬೇಕಾದರೆ, ನಿಮ್ಮ ನೋಂದಣಿ ಯಾವುದೆಂದು ನೋಡಿ

ಇಲ್ಲಿ ದಾರಿ ಮೂರಾಗಿ ಕವಲೊಡೆಯುತ್ತದೆ.

ಸಂಘವಾಗಿದ್ದರೆ, ಕರ್ನಾಟಕದಲ್ಲಿ 1960ರ ಸಂಘಗಳ ನೋಂದಣಿ ಕಾಯ್ದೆ ಮತ್ತು ನಿಮ್ಮ ಬೈಲಾ. ದೇಶದ ಹಲವೆಡೆ ಜಾರಿಯಲ್ಲಿರುವ 1860ರ ಹಳೆಯ ಕಾಯ್ದೆಯ 12ನೇ ಕಲಮಿನಲ್ಲಿ ಒಂದು ಪದ್ಧತಿ ಇದೆ: ಪ್ರಸ್ತಾವವನ್ನು ವಿಶೇಷ ಸಭೆಗೆ ಹತ್ತು ದಿನ ಮೊದಲು ಪ್ರತಿ ಸದಸ್ಯರಿಗೂ ಕಳುಹಿಸಬೇಕು, ಐದರಲ್ಲಿ ಮೂರು ಭಾಗ ಮತ ಬೇಕು, ಒಂದು ತಿಂಗಳ ನಂತರ ಇನ್ನೊಂದು ವಿಶೇಷ ಸಭೆ ಕರೆದು ಅಷ್ಟೇ ಬಹುಮತದಿಂದ ಖಚಿತಪಡಿಸಬೇಕು. ಆ ಒಂದು ತಿಂಗಳ ಬಿಡುವು ಬಹಳ ವಿವೇಕದ್ದು. ನಿಮ್ಮ ಬೈಲಾ ಒಂದೇ ಸಭೆ ಸಾಕೆಂದರೂ ಎರಡು ಸಭೆ ನಡೆಸಿ. ಕರಡು ಠರಾವನ್ನು ಮೊದಲೇ ಜಿಲ್ಲಾ ನೋಂದಣಾಧಿಕಾರಿಗಳ ಕಚೇರಿಯಲ್ಲಿ ತೋರಿಸಿ.

ಟ್ರಸ್ಟ್ ಆಗಿದ್ದರೆ ಕಷ್ಟ ಹೆಚ್ಚು. ಮಹಾರಾಷ್ಟ್ರದಲ್ಲಿ 1950ರ ಸಾರ್ವಜನಿಕ ನ್ಯಾಸ ಕಾಯ್ದೆಯಡಿ ಚಾರಿಟಿ ಕಮಿಷನರ್ ಅವರು ಟ್ರಸ್ಟ್‌ಗಳನ್ನು ಕೂಡಿಸಬಲ್ಲರು. ನಮ್ಮಲ್ಲಿ ಪರಿಸರ ಟ್ರಸ್ಟ್‌ಗಳು ಉಪನೋಂದಣಾಧಿಕಾರಿ ಕಚೇರಿಯಲ್ಲಿ ಡೀಡ್ ನೋಂದಾಯಿಸಿ ಹುಟ್ಟಿದವು. ಡೀಡ್‌ನಲ್ಲಿ ವಿಲೀನದ ಅಧಿಕಾರ ಬರೆದಿದ್ದರೆ ಅದರಂತೆ ನಡೆಯಬಹುದು. ಬರೆದಿರದಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಮಿನಡಿ ನ್ಯಾಯಾಲಯಕ್ಕೆ ಹೋಗಬೇಕಾಗಬಹುದು. ಈಗ ಹೊಸ ಟ್ರಸ್ಟ್ ಮಾಡುತ್ತಿರುವವರು ದಯವಿಟ್ಟು ಆ ಒಂದು ವಾಕ್ಯವನ್ನು ಡೀಡ್‌ನಲ್ಲಿ ಸೇರಿಸಿ.

ಕಂಪನಿ ಕಾಯ್ದೆಯ 8ನೇ ಕಲಮಿನಡಿ ನೋಂದಾಯಿಸಿದ್ದರೆ, ಅದೇ ಬಗೆಯ ಹಾಗೂ ಅದೇ ತೆರನಾದ ಉದ್ದೇಶಗಳುಳ್ಳ ಇನ್ನೊಂದು 8ನೇ ಕಲಮಿನ ಕಂಪನಿಯೊಂದಿಗೆ ಮಾತ್ರ ವಿಲೀನವಾಗಬಹುದು. ಸಾಮಾನ್ಯ ದಾರಿ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ ಮೂಲಕ.

ಮೂರಕ್ಕೂ ಸಮಾನವಾದದ್ದು ತೆರಿಗೆ. 1961ರ ಆದಾಯ ತೆರಿಗೆ ಕಾಯ್ದೆಗೆ 2016ರಲ್ಲಿ ಬಂದ 115ಟಿಡಿ ಕಲಮಿನ ಪ್ರಕಾರ, ನೋಂದಾಯಿತ ದತ್ತಿ ಸಂಸ್ಥೆ ನೋಂದಣಿಯಿಲ್ಲದ ಅಥವಾ ಬೇರೆ ಉದ್ದೇಶದ ಸಂಸ್ಥೆಯಲ್ಲಿ ವಿಲೀನವಾದರೆ, ಸಾಲ ಕಳೆದು ಉಳಿದ ಆಸ್ತಿಯ ಮಾರುಕಟ್ಟೆ ಮೌಲ್ಯದ ಮೇಲೆ ಗರಿಷ್ಠ ದರದಲ್ಲಿ ತೆರಿಗೆ ಕಟ್ಟಬೇಕು. ಯಾರೋ ಪುಣ್ಯಾತ್ಮರು ದಾನ ಕೊಟ್ಟ ಹತ್ತು ಎಕರೆಗೆ ಇಂದಿನ ರೆಸಾರ್ಟ್ ಬೆಲೆ ಹಿಡಿದರೆ ಏನಾಗುತ್ತದೆಂದು ಯೋಚಿಸಿ. ಆ ತೆರಿಗೆ ಕಟ್ಟಲು ಅದೇ ಕಾಡನ್ನು ಮಾರಬೇಕಾದೀತು. 2024ರ ಹಣಕಾಸು ಕಾಯ್ದೆ ತಂದ 12ಎಸಿ ಕಲಮು 2025ರ ಏಪ್ರಿಲ್ 1ರಿಂದ ಒಂದು ಸ್ಪಷ್ಟ ರಕ್ಷಣೆ ಕೊಟ್ಟಿತು: ಎದುರಿನ ಸಂಸ್ಥೆ ನೋಂದಾಯಿತವಾಗಿದ್ದು, ಉದ್ದೇಶ ಅದೇ ಅಥವಾ ಅದೇ ತೆರನಾಗಿದ್ದು, ನಿಯಮಗಳು ವಿಧಿಸುವ ಷರತ್ತು ಪಾಲಿಸಿದರೆ ಈ ತೆರಿಗೆ ತಗಲುವುದಿಲ್ಲ. 2026ರ ಏಪ್ರಿಲ್ 1ರಿಂದ ಜಾರಿ ಎಂದಿರುವ 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆ ಬೇರೆ. ಆಡಿಟರ್ ಕೈಯಲ್ಲಿ ಹಳೆಯ ಮತ್ತು ಹೊಸ ಸಂಖ್ಯೆ ಎರಡನ್ನೂ ಬರೆಸಿಕೊಳ್ಳಿ, ಬಾಯಿಮಾತಿನ ಸಲಹೆಗೆ ತೃಪ್ತರಾಗಬೇಡಿ. ವಿಲೀನಕ್ಕಾಗಿ ಉದ್ದೇಶಗಳ ಪಟ್ಟಿ ಬದಲಿಸಿದರೆ 30 ದಿನಗಳೊಳಗೆ ತೆರಿಗೆ ಇಲಾಖೆಗೆ ಹೊಸ ಅರ್ಜಿ ಹಾಕಬೇಕು ಎಂಬುದನ್ನೂ ಮರೆಯಬೇಡಿ.

ಯಾವ ಸಂಸ್ಥೆ ಉಳಿಯಬೇಕು, ಯಾವುದು ಕರಗಬೇಕು? ದೊಡ್ಡದು ಉಳಿಯಲಿ ಎನ್ನುವುದು ವಾಡಿಕೆ. ನಾನು ಹೇಳುವುದು, ಕೈಬಿಟ್ಟರೆ ಮತ್ತೆ ಸಿಗಲು ಕಷ್ಟವಾದ ಕಾಗದ ಯಾರ ಬಳಿ ಇದೆಯೋ ಅದು ಉಳಿಯಲಿ. ಎಫ್‌ಸಿಆರ್‌ಎ ನೋಂದಣಿಯನ್ನು ವರ್ಗಾಯಿಸಲು ಬರುವುದಿಲ್ಲ. ಹೊಸದಾಗಿ ಪಡೆಯಬೇಕಾದರೆ ಸಂಸ್ಥೆಗೆ ಮೂರು ವರ್ಷ ತುಂಬಿರಬೇಕು, ಆ ಅವಧಿಯಲ್ಲಿ 15 ಲಕ್ಷ ರೂಪಾಯಿ ಮೂಲ ಕೆಲಸಕ್ಕೆ ಖರ್ಚಾಗಿರಬೇಕು. ಭೂಮಿಯ ದಾನಪತ್ರ, ನಡೆಯುತ್ತಿರುವ ಮೊಕದ್ದಮೆ ಇವನ್ನೂ ಹೀಗೆಯೇ ತೂಗಿ ನೋಡಿ. ಕಾನೂನಿನಲ್ಲಿ ಚಿಕ್ಕ ಸಂಸ್ಥೆ ಉಳಿದು, ಅದರ ಹೆಸರನ್ನು ಮುಂದೆ ಬದಲಿಸಿಕೊಳ್ಳುವುದರಲ್ಲಿ ಯಾವ ಅವಮಾನವೂ ಇಲ್ಲ.

ಹೆಜ್ಜೆ 8: ಠರಾವಾದ ಮೇಲಿನ ಎರಡು ವರ್ಷ

ಕಾಗದ ಮುಗಿದೊಡನೆ ಕೆಲಸ ಮುಗಿಯಿತೆಂದು ಭಾವಿಸುವವರಿಗೆ ಕಾಫಿ ತೋಟಗಳಿಂದ ಒಂದು ಉದಾಹರಣೆ. ಕೊಡಗು, ಚಿಕ್ಕಮಗಳೂರಿನ ಬೆಳೆಗಾರರಿಗೆ ರೈನ್‌ಫಾರೆಸ್ಟ್ ಅಲಯನ್ಸ್ ಮತ್ತು ಯುಟಿಝೆಡ್ ಎಂಬ ಎರಡು ಸಂಸ್ಥೆಗಳು ಪರಿಸರಸ್ನೇಹಿ ಬೇಸಾಯಕ್ಕೆ ಕೊಡುವ ಪ್ರಮಾಣಪತ್ರಗಳ ಹೆಸರು ಪರಿಚಿತ. 1987ರಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿದ ಮೊದಲನೆಯದೂ ನೆದರ್ಲೆಂಡ್ಸ್ ಮೂಲದ ಎರಡನೆಯದೂ 2018ರ ಜನವರಿಯಲ್ಲಿ ವಿಲೀನವಾದವು. ಎರಡರ ನಿಯಮಾವಳಿಗಳನ್ನೂ ಸೇರಿಸಿದ ಹೊಸ ಪ್ರಮಾಣೀಕರಣ ವ್ಯವಸ್ಥೆ ಪ್ರಕಟವಾದದ್ದು 2020ರಲ್ಲಿ, ಅದರಂತೆ ತೋಟಗಳ ತಪಾಸಣೆ ಆರಂಭವಾದದ್ದು 2021ರ ಮಧ್ಯದಲ್ಲಿ. ಹಣ, ತಜ್ಞರು, ಕಚೇರಿಗಳೆಲ್ಲ ಇದ್ದವರಿಗೆ ಮೂರೂವರೆ ವರ್ಷ ಬೇಕಾಯಿತು. ತಾಲ್ಲೂಕು ಮಟ್ಟದ ಸಂಸ್ಥೆ ಎರಡು ವರ್ಷವನ್ನಾದರೂ ಇದಕ್ಕೆಂದು ತೆಗೆದಿಡಬೇಕು.

ಮೊದಲ ತಿಂಗಳಲ್ಲಿಯೇ ಮುಖ್ಯಸ್ಥರು ಒಬ್ಬರೇ ಎಂದು ತೀರ್ಮಾನವಾಗಲಿ. ಇಬ್ಬರು ಸಹ ನಿರ್ದೇಶಕರು ಎಂಬ ಏರ್ಪಾಡು ಯಾರ ಮನಸ್ಸೂ ನೋಯದಿರಲೆಂದು ಮಾಡುವಂಥದು, ಕೊನೆಗೆ ನೋಯುವುದು ನೌಕರರು. ಇನ್ನೊಬ್ಬ ಹಿರಿಯರಿಗೆ ನಿಜವಾದ ಕೆಲಸ ಕೊಡಿ: ದಾಖಲೆ ಸಂಗ್ರಹ, ಯುವಕರ ತರಬೇತಿ, ಅವರು ಪ್ರೀತಿಸುವ ಒಂದು ಕಣಿವೆ. ಬಿಟ್ಟುಹೋದವರ ಮೇಲೆ ಹಗೆ ಇಟ್ಟುಕೊಳ್ಳಬೇಡಿ. ಅಮೆರಿಕದ ಫ್ರೆಂಡ್ಸ್ ಆಫ್ ದಿ ಅರ್ಥ್‌ನಿಂದ 1972ರಲ್ಲಿ ಸಿಡಿದು ಹೊರಹೋದವರು ಕಟ್ಟಿದ ಪರಿಸರ ನೀತಿ ಸಂಸ್ಥೆಯೇ ಸುಮಾರು ಎರಡು ದಶಕಗಳ ನಂತರ ಮರಳಿ ಅದರೊಂದಿಗೆ ವಿಲೀನವಾಯಿತು.

ನೌಕರರಿಗೆ ಸುದ್ದಿ ಪತ್ರಿಕೆಯಿಂದ ತಿಳಿಯಬಾರದು. ಯಾರ ಕೆಲಸ ಉಳಿಯುತ್ತದೆ, ಯಾರದು ಬದಲಾಗುತ್ತದೆ ಎಂಬುದನ್ನು ಎರಡನೇ ವಿಶೇಷ ಸಭೆಗೆ ಮೊದಲೇ ಒಬ್ಬೊಬ್ಬರಿಗೂ ಎದುರು ಕೂತು ಹೇಳಿ. ದಾನಿಗಳಿಗೆ ಒಂದು ಪತ್ರ ಸಾಕು.

ಹಳ್ಳಿಗಳಿಗೆ ಪತ್ರ ಸಾಲದು. ಹೆಜ್ಜೆ 4ರಲ್ಲಿ ಬರೆಸಿದ ಮಾತುಗಳ ನೋಟ್‌ಬುಕ್ ಹಿಡಿದು ಎರಡೂ ಕಡೆಯ ಕಾರ್ಯಕರ್ತರು ಒಟ್ಟಿಗೆ ಪ್ರತಿ ಊರಿಗೂ ಹೋಗಲಿ. ಯಾವ ಮಾತನ್ನು ಹೊಸ ಸಂಸ್ಥೆ ಉಳಿಸಿಕೊಳ್ಳುತ್ತದೆ, ಯಾವುದು ಆಗುವುದಿಲ್ಲ ಎಂದು ಊರಿನವರ ಮುಖ ನೋಡಿ ಹೇಳಲಿ. ಒಪ್ಪಿಕೊಂಡ ಪ್ರತಿ ಮಾತಿನ ಎದುರಿಗೂ ಒಬ್ಬರ ಹೆಸರು, ಒಂದು ತಿಂಗಳು ಬರೆಯಿರಿ. ಕಟ್ಟೆಯ ಒಡಕು, ಬೇಲಿಯ ಕಂಬ, ಶಾಲೆಯ ಹಿಂದಿನ ಇಂಗುಗುಂಡಿ ಇಂಥವನ್ನು ಮೇ ತಿಂಗಳೊಳಗೆ ಮುಗಿಸಿಬಿಡಿ. ಜೂನ್ ಬಂದರೆ ಎಲ್ಲರೂ ನಾಟಿಯಲ್ಲಿರುತ್ತಾರೆ.